ಗೆರೆ ದಾಟುವ ಹೊತ್ತು: ಎರಡು ಸೆಕ್ಟರ್‌ಗಳ ನಡುವೆ ವಿಮಾನ ಯಾರ ಕೈಯಲ್ಲಿರುತ್ತದೆ?

2025ರ ಮೇ 1ರಂದು ವಾಷಿಂಗ್ಟನ್‌ನ ರೇಗನ್ ವಿಮಾನ ನಿಲ್ದಾಣದಲ್ಲಿ ಇಳಿಯಲು ಬರುತ್ತಿದ್ದ ಎರಡು ಪ್ರಯಾಣಿಕರ ವಿಮಾನಗಳು ಇಳಿಯದೆ ಮತ್ತೆ ಮೇಲಕ್ಕೆ ಹೋಗಬೇಕಾಯಿತು. ಪಕ್ಕದಲ್ಲೇ ಇರುವ ಪೆಂಟಗನ್ ಕಡೆ ಸೇನೆಯ ಒಂದು ಹೆಲಿಕಾಪ್ಟರ್ ಹೋಗುತ್ತಿತ್ತು, ಅದೇ ಕಾರಣ. ಯಾರಿಗೂ ಏನೂ ಆಗಲಿಲ್ಲ. ಆದರೆ ಆಮೇಲೆ ವಿಚಾರಿಸಿದಾಗ ಹೊರಬಂದ ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಪೆಂಟಗನ್‌ನ ಕಂಟ್ರೋಲರ್‌ಗಳಿಗೂ ವಿಮಾನ ನಿಲ್ದಾಣದ ಟವರ್‌ಗೂ ನಡುವೆ ಇದ್ದ ನೇರ ಹಾಟ್‌ಲೈನ್ 2022ರ ಮಾರ್ಚ್‌ನಿಂದಲೇ ಕೆಟ್ಟು ಕೂತಿತ್ತು. ಮೂರು ವರ್ಷಕ್ಕೂ ಜಾಸ್ತಿ. ಅದು ಕೆಟ್ಟಿದೆ ಅನ್ನುವುದು ತಮಗೆ ಗೊತ್ತಾಗಿದ್ದೇ ಮೇ 1ರ ನಂತರ ಎಂದು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಅಧಿಕಾರಿಯೇ ಸೆನೆಟ್ ಸಮಿತಿಯ ಮುಂದೆ ಹೇಳಿದರು. ಸಾಮಾನ್ಯ ಫೋನ್ ಇತ್ತು, ಮಾತಾಡಬಹುದಿತ್ತು, ಅದು ನಿಜ. ಆದರೆ ಅದೇ ನಿಲ್ದಾಣದ ಪಕ್ಕದಲ್ಲಿ ಅದೇ ವರ್ಷ ಜನವರಿ 29ರ ರಾತ್ರಿ ಒಂದು ಪ್ರಯಾಣಿಕರ ವಿಮಾನಕ್ಕೂ ಸೇನೆಯ ಹೆಲಿಕಾಪ್ಟರ್‌ಗೂ ಡಿಕ್ಕಿಯಾಗಿ 67 ಜನ ಸತ್ತಿದ್ದರು. ಅದಾಗಿ ಮೂರು ತಿಂಗಳ ಮೇಲೂ ಆ ಲೈನ್ ಸತ್ತೇ ಇತ್ತು ಅಂದರೆ, ಅದನ್ನು ಯಾರೂ ಎತ್ತಿ ನೋಡಿರಲಿಲ್ಲ ಎಂದೇ ಅರ್ಥ ಅಲ್ವಾ?

ಏರ್ ಟ್ರಾಫಿಕ್ ಕಂಟ್ರೋಲ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ರೇಡಾರ್ ಪರದೆ, ಹೆಡ್‌ಸೆಟ್, ಪೈಲಟ್ ಜೊತೆ ಮಾತು. ಕಂಟ್ರೋಲರ್ ಇನ್ನೊಬ್ಬ ಕಂಟ್ರೋಲರ್ ಜೊತೆ ಆಡುವ ಮಾತು ನಮಗೆ ಕಾಣಿಸುವುದೇ ಇಲ್ಲ. ಸುರಕ್ಷತೆಯ ಅರ್ಧ ಭಾಗ ಇರುವುದು ಅಲ್ಲಿ. ಆ ಮಾತಿಗೂ ಸಮಯ ಬೇಕು, ಕೈ ಬೇಕು, ಕುರ್ಚಿಯಲ್ಲಿ ಒಬ್ಬ ಮನುಷ್ಯ ಬೇಕು. ಜನ ಕಮ್ಮಿಯಾದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ, ಯಾಕೆಂದರೆ ಇದನ್ನು ಕೆಲಸ ಅಂತ ಯಾರೂ ಸರಿಯಾಗಿ ಲೆಕ್ಕ ಹಾಕಿರುವುದಿಲ್ಲ. ನಾನು ಹೇಳಬೇಕಿರುವುದು ಇಷ್ಟೇ, ಉಳಿದದ್ದು ಅದಕ್ಕೆ ಆಧಾರ.

ಮೊದಲು ಸೆಕ್ಟರ್ ಅಂದರೆ ಏನು ಅಂತ ನೋಡೋಣ. ಆಕಾಶವನ್ನು ದೊಡ್ಡ ದೊಡ್ಡ ಪೆಟ್ಟಿಗೆಗಳಾಗಿ ಹಂಚಿರುತ್ತಾರೆ. ಅಕ್ಕಪಕ್ಕದಲ್ಲಿ ಮಾತ್ರ ಅಲ್ಲ, ಒಂದರ ಮೇಲೊಂದು ಕೂಡ. ಕೆಳಗಿನ ಪೆಟ್ಟಿಗೆ ಒಬ್ಬರದು, ಅದರ ಮೇಲಿನದು ಇನ್ನೊಬ್ಬರದು. ಪ್ರತಿ ಪೆಟ್ಟಿಗೆಗೂ ಒಂದು ರೇಡಿಯೋ ಫ್ರೀಕ್ವೆನ್ಸಿ. ಸಾಮಾನ್ಯವಾಗಿ ಒಂದು ಸೆಕ್ಟರ್‌ಗೆ ಇಬ್ಬರು ಕೂರುತ್ತಾರೆ. ಒಬ್ಬರು ರೇಡಾರ್ ನೋಡುತ್ತಾ ಪೈಲಟ್‌ಗಳ ಜೊತೆ ಮಾತಾಡುತ್ತಾರೆ. ಪಕ್ಕದಲ್ಲಿ ಕೂತವರು ಪ್ಲಾನರ್. ಅವರು ಮುಂದಿನ ಹತ್ತು ಹದಿನೈದು ನಿಮಿಷದಲ್ಲಿ ಯಾವ ವಿಮಾನ ಎಲ್ಲಿಂದ ಬರುತ್ತದೆ, ಯಾವ ಎತ್ತರದಲ್ಲಿ ಬರುತ್ತದೆ, ಅದನ್ನು ಯಾವ ಎತ್ತರದಲ್ಲಿ ಪಕ್ಕದವರಿಗೆ ಕೊಡಬೇಕು ಅಂತ ನೋಡಿಕೊಂಡು ನೆರೆಯ ಸೆಕ್ಟರ್‌ಗಳ ಜೊತೆ ಫೋನ್‌ನಲ್ಲೋ ಕಂಪ್ಯೂಟರ್ ಸಂದೇಶದಲ್ಲೋ ಮಾತಾಡುತ್ತಾ ಇರುತ್ತಾರೆ. ಟ್ರಾಫಿಕ್ ಕಮ್ಮಿ ಇದ್ದಾಗ ಎರಡು ಮೂರು ಸೆಕ್ಟರ್ ಸೇರಿಸಿ ಒಂದು ಮಾಡುತ್ತಾರೆ, ಜಾಸ್ತಿ ಆದಾಗ ಒಡೆಯುತ್ತಾರೆ. ಅಂದರೆ ಗೆರೆಗಳು ದಿನಕ್ಕೆ ಹಲವು ಸಲ ಬದಲಾಗುತ್ತವೆ. ಬೆಳಗ್ಗೆ ನನ್ನದಾಗಿದ್ದ ಮೂಲೆ ಮಧ್ಯಾಹ್ನ ಪಕ್ಕದವರದು.

ಈಗ ವೇಗದ ಲೆಕ್ಕ. ದೊಡ್ಡ ಜೆಟ್ ವಿಮಾನ ನಿಮಿಷಕ್ಕೆ ಸುಮಾರು 8 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿಲೋಮೀಟರ್) ಹೋಗುತ್ತದೆ. ಎರಡು ವಿಮಾನ ಎದುರುಬದುರಾಗಿ ಬಂದರೆ ನಿಮಿಷಕ್ಕೆ 16. ರೇಡಾರ್ ಇರುವ ಮಾರ್ಗಗಳಲ್ಲಿ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ ಇರಬೇಕಾದ ಅಂತರ 5 ನಾಟಿಕಲ್ ಮೈಲಿ, ಇಲ್ಲವಾದರೆ ಎತ್ತರದಲ್ಲಿ 1,000 ಅಡಿ. ಆ 5 ಮೈಲಿ ಕರಗಲು 19 ಸೆಕೆಂಡ್ ಸಾಕು. ಫೋನ್ ರಿಂಗ್ ಆಗಿ, ಎತ್ತಿ, ಹೆಸರು ಹೇಳಿ, ವಿಷಯ ಹೇಳಿ, ಆ ಕಡೆಯವರು ತಿರುಗಿ ಹೇಳಿ ಖಚಿತ ಮಾಡುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಹೊತ್ತೇ ಆಗುತ್ತದೆ. ಹಾಗಾಗಿ ಗೆರೆಯ ಹತ್ತಿರ ಬಂದ ಮೇಲೆ ಮಾತಾಡುತ್ತೇನೆ ಅನ್ನುವ ಹಾಗಿಲ್ಲ. ಮೊದಲೇ ಆಗಿರಬೇಕು.

ಹಸ್ತಾಂತರದಲ್ಲಿ ಬೇರೆಬೇರೆ ಕೆಲಸಗಳು ಸೇರಿಕೊಂಡಿವೆ. ಮೊದಲು ಮಾಹಿತಿ: ಇಂಥ ವಿಮಾನ, ಇಂಥ ಜಾಗದಲ್ಲಿ, ಇಷ್ಟು ಹೊತ್ತಿಗೆ, ಇಷ್ಟು ಎತ್ತರದಲ್ಲಿ ನಿಮ್ಮ ಗಡಿಗೆ ಬರುತ್ತದೆ. ಆಮೇಲೆ ಒಪ್ಪಿಗೆ: ಸರಿ, ಕೊಡಿ. ಆಮೇಲೆ ಪೈಲಟ್‌ಗೆ ಹೊಸ ಫ್ರೀಕ್ವೆನ್ಸಿ ಹೇಳುವುದು. ಕೊನೆಗೆ ಜವಾಬ್ದಾರಿ ದಾಟುವುದು. ಈ ಕೊನೆಯ ಎರಡು ಒಂದೇ ಅಂತ ನಮಗೆ ಅನಿಸುತ್ತದೆ, ಆದರೆ ಒಂದೇ ಅಲ್ಲ. ಪೈಲಟ್ ಹೊಸ ಸೆಕ್ಟರ್‌ನವರಿಗೆ ನಮಸ್ಕಾರ ಹೇಳಿದ ಮೇಲೂ ವಿಮಾನ ಇನ್ನೂ ಹಳೆಯ ಸೆಕ್ಟರ್‌ನ ಒಳಗೇ ಇರಬಹುದು. ಆಗ ಹೊಸಬರು ಅದರ ಜೊತೆ ಮಾತಾಡಬಹುದು, ಆದರೆ ತಿರುಗಿಸುವ ಹಾಗಿಲ್ಲ, ಇಳಿಸುವ ಹಾಗಿಲ್ಲ. ಹಳಬರು ಬಿಟ್ಟುಕೊಟ್ಟಿದ್ದೇವೆ ಅಂತ ಹೇಳಬೇಕು, ಇಲ್ಲವೇ ಎರಡೂ ಕಡೆಯ ಲಿಖಿತ ಒಪ್ಪಂದದಲ್ಲಿ ಅದು ಮೊದಲೇ ಇರಬೇಕು. ಈ ನಡುವಿನ ಒಂದೆರಡು ನಿಮಿಷ ಇದೆಯಲ್ಲ, ಮಾತು ಒಬ್ಬರ ಹತ್ತಿರ, ಜವಾಬ್ದಾರಿ ಇನ್ನೊಬ್ಬರ ಹತ್ತಿರ. ಅಲ್ಲಿ ಒಂದು ಸಣ್ಣ ತಪ್ಪು ತಿಳಿವಳಿಕೆ ಸಾಕು.

ಇನ್ನೊಂದು ದಿನನಿತ್ಯದ ತೊಂದರೆ ಮೂಲೆ ಕತ್ತರಿಸುವುದು. ಪೈಲಟ್ ನೇರ ದಾರಿ ಕೇಳುತ್ತಾರೆ, ಇಂಧನ ಉಳಿಯುತ್ತದೆ. ಕಂಟ್ರೋಲರ್ ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ಆದರೆ ಆ ನೇರ ಗೆರೆ ಮೂರನೆಯವರ ಸೆಕ್ಟರ್‌ನ ಒಂದು ಸಣ್ಣ ತುದಿಯನ್ನು ಮುಟ್ಟಿ ಹೋಗುತ್ತದೆ. ಆ ಮೂರನೆಯವರಿಗೆ ಯಾರಾದರೂ ಹೇಳಬೇಕು. ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಮಾತಾಡಿಕೊಂಡಿದ್ದಾರೆ, ಆದರೆ ನಡುವೆ ಇರುವವರ ಪರದೆಯಲ್ಲಿ ಇದ್ದಕ್ಕಿದ್ದಂತೆ ಅವರ ಜೊತೆ ಮಾತಾಡದ, ಅವರ ಲೆಕ್ಕದಲ್ಲಿ ಇಲ್ಲದ ಒಂದು ವಿಮಾನ. ಅವರು ಅದೇ ಜಾಗದಲ್ಲಿ ಬೇರೊಂದು ವಿಮಾನವನ್ನು ಮೇಲೇರಿಸುತ್ತಾ ಇದ್ದರೆ? ಇದಕ್ಕೇ ಹಲವು ಕಡೆ ಒಂದು ನಿಯಮ ಇದೆ: ಪಕ್ಕದವರಿಗೆ ಹೇಳದೆ ವಿಮಾನವನ್ನು ಗಡಿಯಿಂದ ಎರಡೂವರೆ ಮೈಲಿಗಿಂತ ಹತ್ತಿರಕ್ಕೆ ಬಿಡಬಾರದು. ಆ ಕಡೆಯವರೂ ಎರಡೂವರೆ ಬಿಟ್ಟರೆ ಒಟ್ಟು 5 ಆಗುತ್ತದೆ. ಸರಳ ಲೆಕ್ಕ, ಆದರೆ ಇಬ್ಬರೂ ಪಾಲಿಸಿದರೆ ಮಾತ್ರ ನಡೆಯುವ ಲೆಕ್ಕ.

ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸುವ ಅಪಘಾತ ನನ್ನ ಪ್ರಕಾರ 1976ರ ಸೆಪ್ಟೆಂಬರ್ 10ರದು. ಆಗಿನ ಯುಗೊಸ್ಲಾವಿಯಾದ ಝಾಗ್ರೆಬ್ ಹತ್ತಿರ. ಲಂಡನ್‌ನಿಂದ ಇಸ್ತಾಂಬುಲ್‌ಗೆ ಹೋಗುತ್ತಿದ್ದ ಬ್ರಿಟಿಷ್ ಏರ್‌ವೇಸ್‌ನ ಟ್ರೈಡೆಂಟ್ 33,000 ಅಡಿಯಲ್ಲಿತ್ತು. ಸ್ಪ್ಲಿಟ್‌ನಿಂದ ಕಲೋನ್‌ಗೆ ಹೊರಟ ಇನೆಕ್ಸ್ ಆಡ್ರಿಯಾದ ಡಿಸಿ-9 ಕೆಳಗಿನಿಂದ ಏರುತ್ತಿತ್ತು. ಝಾಗ್ರೆಬ್ ಕೇಂದ್ರದಲ್ಲಿ ಕೆಳಗಿನ, ನಡುವಿನ, ಮೇಲಿನ ಸೆಕ್ಟರ್ ಅಂತ ಮೂರು ಇದ್ದವು. ಡಿಸಿ-9 ನಡುವಿನ ಸೆಕ್ಟರ್‌ನ ಕೈಯಲ್ಲಿತ್ತು, ಅದಕ್ಕೆ 35,000 ಅಡಿ ಬೇಕಿತ್ತು, ಅಂದರೆ ಮೇಲಿನ ಸೆಕ್ಟರ್‌ನ ಒಪ್ಪಿಗೆ ಬೇಕಿತ್ತು. ಮೇಲಿನ ಸೆಕ್ಟರ್‌ನಲ್ಲಿ ಆ ಹೊತ್ತಿಗೆ ಒಬ್ಬರೇ ಕೂತಿದ್ದರು. ಜೊತೆಗಿರಬೇಕಾದವರು ಇರಲಿಲ್ಲ. ಅವರೊಬ್ಬರೇ ರೇಡಿಯೋ, ಫೋನ್, ವಿಮಾನಗಳ ವಿವರ ಬರೆದಿಡುವ ಸ್ಟ್ರಿಪ್ ಎಲ್ಲ ನೋಡುತ್ತಿದ್ದರು. ಆ ಗಡಿಬಿಡಿಯಲ್ಲಿ ಸರಿಯಾದ ಸಮನ್ವಯ ಆಗಲೇ ಇಲ್ಲ. ವಿಮಾನ ಮಾತ್ರ ಏರುತ್ತಾ ಹೋಯಿತು.

ಡಿಸಿ-9ರ ಪೈಲಟ್ ಮೇಲಿನ ಸೆಕ್ಟರ್‌ಗೆ ಮೊದಲ ಬಾರಿ ಮಾತಾಡಿದಾಗ ಅದು ಆಗಲೇ ಮೇಲಿನವರ ಪೆಟ್ಟಿಗೆಯೊಳಗೆ ಬಂದು 33,000 ಅಡಿಯ ಹತ್ತಿರವಿತ್ತು. ಒಂದು ನಿಮಿಷವೂ ಉಳಿದಿರಲಿಲ್ಲ. ಕಂಟ್ರೋಲರ್‌ಗೆ ಒಮ್ಮೆಲೇ ಅಪಾಯ ಗೊತ್ತಾಯಿತು. ಇಂಗ್ಲಿಷ್ ಬಿಟ್ಟು ತಮ್ಮ ಭಾಷೆಯಲ್ಲಿ, ಈಗ ಇರುವ ಎತ್ತರದಲ್ಲೇ ನಿಲ್ಲಿ ಅಂದರು. ಪರದೆಯಲ್ಲಿ ಟ್ರೈಡೆಂಟ್ 33,500 ಅಡಿಯಲ್ಲಿದೆ ಅಂತ ತೋರಿಸುತ್ತಿತ್ತು, ನಿಜಕ್ಕೂ ಅದು 33,000ದಲ್ಲಿತ್ತು. ಡಿಸಿ-9 ಮಾತು ಕೇಳಿ ಸರಿಯಾಗಿ 33,000 ಅಡಿಯಲ್ಲಿ ನಿಂತಿತು. ಏರುವುದನ್ನು ನಿಲ್ಲಿಸದೇ ಇದ್ದಿದ್ದರೆ ಬಹುಶಃ ದಾಟಿ ಹೋಗುತ್ತಿತ್ತು. ಆ ಭಾಷೆ ಟ್ರೈಡೆಂಟ್‌ನವರಿಗೆ ಅರ್ಥವಾಗುವ ಹಾಗೂ ಇರಲಿಲ್ಲ. 176 ಜನ ಸತ್ತರು.

ಜೈಲಿಗೆ ಹೋದವರು ಒಬ್ಬರೇ. ಮೇಲಿನ ಸೆಕ್ಟರ್‌ನಲ್ಲಿ ಒಬ್ಬಂಟಿಯಾಗಿ ಕೂತಿದ್ದ ಆ ಕಂಟ್ರೋಲರ್. ಏಳು ವರ್ಷದ ಶಿಕ್ಷೆ. ಬೇರೆ ಕಂಟ್ರೋಲರ್‌ಗಳು ಅವರ ಪರ ನಿಂತು ಮನವಿ ಮಾಡಿದ ಮೇಲೆ ಎರಡು ವರ್ಷಕ್ಕೆ ಬಿಡುಗಡೆ ಆದರು. ನನಗೆ ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆ ಕೇಂದ್ರ ತನ್ನ ಅಳತೆ ಮೀರಿದ ಟ್ರಾಫಿಕ್ ಹೊತ್ತಿತ್ತು, ಜನ ಸಾಲುತ್ತಿರಲಿಲ್ಲ, ಪಕ್ಕದ ಕುರ್ಚಿ ಖಾಲಿ ಇತ್ತು. ಖಾಲಿ ಕುರ್ಚಿಗೆ ಯಾರೂ ಶಿಕ್ಷೆ ಕೊಡಲಿಲ್ಲ.

ಇಪ್ಪತ್ತಾರು ವರ್ಷ ಆದ ಮೇಲೆ, 2002ರ ಜುಲೈ 1ರ ರಾತ್ರಿ, ಜರ್ಮನಿಯ ಊಬರ್‌ಲಿಂಗನ್ ಊರಿನ ಮೇಲೆ ಮತ್ತೆ ಅದೇ ಖಾಲಿ ಕುರ್ಚಿ. ಅಲ್ಲಿನ ಆಕಾಶ ಜರ್ಮನಿಯದು, ಆದರೆ ನೋಡಿಕೊಳ್ಳುವ ಕೆಲಸವನ್ನು ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್ ಕೇಂದ್ರಕ್ಕೆ ಕೊಟ್ಟಿದ್ದರು. ರಾತ್ರಿ ಪಾಳಿಯಲ್ಲಿ ಇಬ್ಬರು ಇದ್ದರು, ಒಬ್ಬರು ವಿಶ್ರಾಂತಿಗೆ ಹೋಗಿದ್ದರು, ಅದು ಅಲ್ಲಿ ನಡೆದುಕೊಂಡು ಬಂದ ರೂಢಿ. ಉಳಿದವರು ಎರಡು ಕೆಲಸದ ಜಾಗಗಳ ನಡುವೆ ಆ ಕಡೆ ಈ ಕಡೆ ಓಡಾಡುತ್ತಾ ಕೆಲಸ ಮಾಡುತ್ತಿದ್ದರು. ಮೇಲೆ 36,000 ಅಡಿಯಲ್ಲಿ ರಷ್ಯಾದ ಬಾಷ್ಕಿರಿಯನ್ ಏರ್‌ಲೈನ್ಸ್‌ನ ಟುಪೊಲೆವ್ ಮತ್ತು ಡಿಎಚ್‌ಎಲ್‌ನ ಸರಕು ವಿಮಾನ ಒಂದೇ ಜಾಗದ ಕಡೆ ಬರುತ್ತಿದ್ದವು.

ಅದೇ ಹೊತ್ತಿಗೆ ತಡವಾಗಿ ಬಂದ ಇನ್ನೊಂದು ವಿಮಾನವನ್ನು ಪಕ್ಕದ ಫ್ರೀಡ್ರಿಕ್ಸ್‌ಹಾಫನ್ ನಿಲ್ದಾಣಕ್ಕೆ ಹಸ್ತಾಂತರ ಮಾಡಬೇಕಿತ್ತು. ಕಂಟ್ರೋಲರ್ ಫೋನ್ ಮಾಡಿದರು. ಹೋಗಲಿಲ್ಲ. ಮುಖ್ಯ ಫೋನ್ ವ್ಯವಸ್ಥೆಯನ್ನು ರಿಪೇರಿಗಾಗಿ ಆಫ್ ಮಾಡಿದ್ದರು, ಬದಲಿ ಲೈನ್‌ನಲ್ಲಿ ದೋಷ ಇತ್ತು. ಒಂದು ಸಾಮಾನ್ಯ ಹಸ್ತಾಂತರ ಮಾಡಲು ಅವರ ಬೆಲೆಬಾಳುವ ನಿಮಿಷಗಳೆಲ್ಲ ಹೋದವು. ಇನ್ನೊಂದು ಕಡೆ, ಜರ್ಮನಿಯ ಕಾರ್ಲ್ಸ್‌ರೂಹ ಕೇಂದ್ರದ ಕಂಟ್ರೋಲರ್ ತಮ್ಮ ಪರದೆಯಲ್ಲಿ ಡಿಕ್ಕಿಯ ಎಚ್ಚರಿಕೆ ನೋಡಿದರು. ಅವರು ಕೂಡಲೇ ಜ್ಯೂರಿಕ್‌ಗೆ ಫೋನ್ ಮಾಡಿದರು. ಮತ್ತೆ ಮಾಡಿದರು. ಮತ್ತೆ ಮತ್ತೆ ಮಾಡಿದರು. ಲೈನ್ ಸಿಗಲಿಲ್ಲ. ಆ ಎರಡು ವಿಮಾನಗಳು ಅವರ ಫ್ರೀಕ್ವೆನ್ಸಿಯಲ್ಲಿ ಇರಲಿಲ್ಲ, ಹಾಗಾಗಿ ಕಣ್ಣಿಗೆ ಕಾಣುತ್ತಿದ್ದರೂ ಏನೂ ಮಾಡಲು ಆಗಲಿಲ್ಲ. ಜ್ಯೂರಿಕ್‌ನ ಪರದೆಯಲ್ಲಿ ಬರಬೇಕಿದ್ದ ಅದೇ ಎಚ್ಚರಿಕೆ ಆ ರಾತ್ರಿಯ ರಿಪೇರಿಯಿಂದಾಗಿ ಕಾಣಿಸುತ್ತಿರಲಿಲ್ಲ. ಅಂದರೆ ಅಪಾಯ ಕಂಡವರಿಗೆ ಮಾತಾಡುವ ದಾರಿ ಇಲ್ಲ, ಮಾತಾಡಬಲ್ಲವರಿಗೆ ಅಪಾಯ ಕಾಣುತ್ತಿಲ್ಲ.

ಡಿಕ್ಕಿಗೆ 43 ಸೆಕೆಂಡ್ ಮೊದಲು ಜ್ಯೂರಿಕ್ ಕಂಟ್ರೋಲರ್ ಗಮನಿಸಿ ಟುಪೊಲೆವ್‌ಗೆ ಇಳಿಯಿರಿ ಅಂದರು. ಅದೇ ಕ್ಷಣಗಳಲ್ಲಿ ವಿಮಾನದ ಒಳಗಿನ, ಡಿಕ್ಕಿ ತಪ್ಪಿಸಲು ಇರುವ ಟಿಕಾಸ್ ಉಪಕರಣ ಏರಿ ಅಂದಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗಾಯಿತು. ಪೈಲಟ್‌ಗಳು ಕಂಟ್ರೋಲರ್ ಮಾತು ಕೇಳಿ ಇಳಿದರು, ಸರಕು ವಿಮಾನ ತನ್ನ ಟಿಕಾಸ್ ಹೇಳಿದಂತೆ ಇಳಿಯಿತು. 71 ಜನ ಸತ್ತರು, ಹೆಚ್ಚಿನವರು ಮಕ್ಕಳು. ಟಿಕಾಸ್ ಹೇಳಿದ್ದನ್ನೇ ಕೇಳಬೇಕು, ಅದಕ್ಕೆ ವಿರುದ್ಧವಾದ ಕಂಟ್ರೋಲರ್ ಮಾತನ್ನಲ್ಲ ಎಂಬ ನಿಯಮ ಜಗತ್ತಿನಾದ್ಯಂತ ಸ್ಪಷ್ಟವಾಗಿದ್ದು ಇದಾದ ಮೇಲೆ. ಈ ಅಪಘಾತದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಟಿಕಾಸ್ ವಿಷಯಕ್ಕೇ ನಿಲ್ಲುತ್ತಾರೆ. ನನಗೆ ಮಾತ್ರ ಕಾರ್ಲ್ಸ್‌ರೂಹದಲ್ಲಿ ಫೋನ್ ಹಿಡಿದು ಕೂತವರೇ ನೆನಪಾಗುತ್ತಾರೆ. ಟಿಕಾಸ್ ಕೊನೆಯ ಬಲೆ. ಅದಕ್ಕಿಂತ ಮೊದಲಿನ ಬಲೆ ಒಂದು ಫೋನ್ ಲೈನ್ ಆಗಿತ್ತು. 2007ರಲ್ಲಿ ಸ್ವಿಸ್ ಕೋರ್ಟ್ ಜ್ಯೂರಿಕ್ ಕೇಂದ್ರ ನಡೆಸುತ್ತಿದ್ದ ಸಂಸ್ಥೆಯ ನಾಲ್ವರು ಮೇಲಧಿಕಾರಿಗಳನ್ನು ತಪ್ಪಿತಸ್ಥರು ಎಂದು ಹೇಳಿತು. ಝಾಗ್ರೆಬ್‌ಗೆ ಹೋಲಿಸಿದರೆ ಅದೊಂದು ದೊಡ್ಡ ಬದಲಾವಣೆ, ಪ್ರಶ್ನೆ ಕೊನೆಗೂ ಕುರ್ಚಿ ಖಾಲಿ ಬಿಟ್ಟವರ ತನಕ ಹೋಯಿತು.

ಹಾಗಾದರೆ ಫೋನ್ ಬಿಟ್ಟು ಎಲ್ಲ ಕಂಪ್ಯೂಟರ್‌ಗೆ ಕೊಟ್ಟರೆ ಸರಿಹೋಗುತ್ತದಾ? ಬಹಳ ಮಟ್ಟಿಗೆ ಕೊಟ್ಟಿದ್ದಾರೆ. ಯುರೋಪಿನಲ್ಲಿ ಓಎಲ್‌ಡಿಐ, ಏಷ್ಯಾ ಪೆಸಿಫಿಕ್ ಕಡೆ ಎಐಡಿಸಿ ಅನ್ನುವ ವ್ಯವಸ್ಥೆಗಳಿವೆ. ವಿಮಾನ ಗಡಿಗೆ ಬರುವ ಕೆಲವು ನಿಮಿಷ ಮೊದಲು ಈ ಕಡೆಯ ಕಂಪ್ಯೂಟರ್ ಆ ಕಡೆಯ ಕಂಪ್ಯೂಟರ್‌ಗೆ ಸಂದೇಶ ಕಳಿಸುತ್ತದೆ, ಆ ಕಡೆಯಿಂದ ಬಂದಿದೆ ಅಂತ ಉತ್ತರ ಬರುತ್ತದೆ. ಫೋನ್‌ನಲ್ಲಿ ಅಂಕಿ ತಪ್ಪಾಗಿ ಕೇಳಿಸುವುದು, ಬರೆಯುವಾಗ ತಪ್ಪುವುದು, ಇವೆಲ್ಲ ಕಮ್ಮಿಯಾದವು. ಎರಡೂ ಕಡೆ ಒಪ್ಪಂದದ ಎತ್ತರ ಮತ್ತು ಅಂತರ ಇದ್ದರೆ ಮಾತೇ ಇಲ್ಲದೆ ಹಸ್ತಾಂತರ ಆಗುತ್ತದೆ. ನಾನು ಇದರ ವಿರೋಧಿ ಅಲ್ಲ, ಇವತ್ತಿನ ಟ್ರಾಫಿಕ್‌ನಲ್ಲಿ ಇದಿಲ್ಲದೆ ಒಂದು ಗಂಟೆಯೂ ನಡೆಯದು. ಆದರೆ ಆ ಉತ್ತರದ ಅರ್ಥ ಏನು ಅಂತ ನೋಡಿ. ಸಂದೇಶ ಯಂತ್ರಕ್ಕೆ ತಲುಪಿದೆ ಅಂತ ಮಾತ್ರ. ಮನುಷ್ಯ ನೋಡಿದ್ದಾನೆ ಅಂತ ಅಲ್ಲ. ಸಂದೇಶದಲ್ಲಿರುವುದು ನಿಜ ಅಂತಲೂ ಅಲ್ಲ.

ಬ್ರೆಜಿಲ್‌ನಲ್ಲಿ 2006ರ ಸೆಪ್ಟೆಂಬರ್ 29ರಂದು ಆದದ್ದು ಇದೇ. ಒಂದು ಸಣ್ಣ ಲೆಗಸಿ ಜೆಟ್ ದಕ್ಷಿಣದಿಂದ ಮನಾಸ್ ಕಡೆ 37,000 ಅಡಿಯಲ್ಲಿ ಹೋಗುತ್ತಿತ್ತು. ಅದರ ಹಾರಾಟದ ಯೋಜನೆಯಲ್ಲಿ ಬ್ರೆಸಿಲಿಯಾ ದಾಟಿದ ಮೇಲೆ 36,000 ಅಂತ ಬರೆದಿತ್ತು. ಇಳಿಯಿರಿ ಅಂತ ಯಾರೂ ಹೇಳಲಿಲ್ಲ, ಅವರು ಇಳಿಯಲಿಲ್ಲ. ಆದರೆ ಬ್ರೆಸಿಲಿಯಾ ಕೇಂದ್ರದ ಪರದೆಯಲ್ಲಿ ಅನುಮತಿ ಕೊಟ್ಟ ಎತ್ತರದ ಜಾಗದಲ್ಲಿ ತಾನಾಗಿಯೇ 360, ಅಂದರೆ 36,000 ಅಡಿ, ಅಂತ ಬಂತು, ಯೋಜನೆಯಲ್ಲಿ ಹಾಗಿತ್ತಲ್ಲ ಅಂತ. ಕೆಲವು ನಿಮಿಷದಲ್ಲಿ ಲೆಗಸಿಯ ಟ್ರಾನ್ಸ್‌ಪಾಂಡರ್ ನಿಂತುಹೋಯಿತು, ನಿಜವಾದ ಎತ್ತರ ಹೇಳುವ ಸಾಧನವೇ ಹೋಯಿತು. ಪಾಳಿ ಬದಲಾಯಿತು. ಹೋಗುವವರು ಬರುವವರಿಗೆ 360ರಲ್ಲಿದೆ ಅಂದರು. ಬಂದವರು ಅದನ್ನೇ ನಂಬಿ ಮನಾಸ್‌ನ ಅಮೆಜಾನ್ ಕೇಂದ್ರಕ್ಕೆ 360 ಅಂತ ಹಸ್ತಾಂತರ ಮಾಡಿದರು. ಆ ಕಡೆಯವರು ಒಪ್ಪಿಕೊಂಡರು. ಎದುರಿನಿಂದ 37,000 ಅಡಿಯಲ್ಲಿ ಗೋಲ್ ಕಂಪನಿಯ ಬೋಯಿಂಗ್ ಬರುತ್ತಿತ್ತು. ಎರಡೂ ಡಿಕ್ಕಿಯಾಗಿ ಬೋಯಿಂಗ್‌ನಲ್ಲಿದ್ದ 154 ಜನರೂ ಸತ್ತರು. ಒಂದು ತಪ್ಪು ಅಂಕಿ ಪರದೆಯಿಂದ ಒಬ್ಬರಿಗೆ, ಅವರಿಂದ ಇನ್ನೊಬ್ಬರಿಗೆ, ಅಲ್ಲಿಂದ ಇನ್ನೊಂದು ಕೇಂದ್ರಕ್ಕೆ ದಾಟುತ್ತಾ ದಾಟುತ್ತಾ ಪ್ರತಿ ಸಲವೂ ಇನ್ನಷ್ಟು ನಿಜ ಆಗುತ್ತಾ ಹೋಯಿತು. ನಾವು ಯಾರಾದರೂ ಹೇಳಿದ್ದನ್ನು ಮತ್ತೆ ಪರೀಕ್ಷೆ ಮಾಡುವುದಿಲ್ಲ, ಹೇಳಿದವರು ಪರೀಕ್ಷೆ ಮಾಡಿರುತ್ತಾರೆ ಅಂದುಕೊಳ್ಳುತ್ತೇವೆ, ಹೇಳಿದವರೂ ಹಾಗೇ ಅಂದುಕೊಂಡಿರುತ್ತಾರೆ. ಪಾಳಿ ಬದಲಾವಣೆಯೂ ಒಂದು ಗಡಿಯೇ, ನಕ್ಷೆಯಲ್ಲಿ ಕಾಣದ ಗಡಿ. ಅದಕ್ಕೇ ಒಳ್ಳೆಯ ಕೇಂದ್ರಗಳಲ್ಲಿ ಬರುವವರು ಚೆಕ್‌ಲಿಸ್ಟ್ ಹಿಡಿದು ಒಂದೊಂದೇ ಕೇಳುತ್ತಾರೆ, ಹೋಗುವವರು ಕುರ್ಚಿ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಹಿಂದೆ ನಿಂತು ನೋಡುತ್ತಾರೆ.

ಇವೆಲ್ಲ ಹಳೆಯ ಕತೆ, ಈಗ ಪರಿಸ್ಥಿತಿ ಬದಲಾಗಿದೆ ಅನ್ನಬಹುದು. ಕೆಲವು ಬದಲಾಗಿವೆ, ನಿಜ. ಆದರೆ 29,000 ಅಡಿಯ ಮೇಲೆ ವಿಮಾನಗಳ ನಡುವಿನ ಎತ್ತರದ ಅಂತರವನ್ನು 2,000ದಿಂದ 1,000 ಅಡಿಗೆ ಇಳಿಸಿದ ಮೇಲೆ, ಎತ್ತರದ ತಪ್ಪುಗಳನ್ನು ಪ್ರತಿ ಪ್ರದೇಶದಲ್ಲೂ ಒಂದು ಸಂಸ್ಥೆ ಲೆಕ್ಕ ಇಡುತ್ತದೆ. ಏಷ್ಯಾ ಪೆಸಿಫಿಕ್ ಕಡೆಯ ಆ ಲೆಕ್ಕದಲ್ಲಿ ವರ್ಷದಿಂದ ವರ್ಷಕ್ಕೆ ದೊಡ್ಡ ಪಾಲು ಒಂದೇ ಗುಂಪಿನದು: ಒಂದು ಕೇಂದ್ರ ಇನ್ನೊಂದಕ್ಕೆ ಹಸ್ತಾಂತರ ಮಾಡುವಾಗ ಮನುಷ್ಯರಿಂದಾದ ತಪ್ಪು. ಹೇಳಲೇ ಇಲ್ಲ, ಅಥವಾ ಒಂದು ಎತ್ತರ ಹೇಳಿ ಇನ್ನೊಂದರಲ್ಲಿ ಕಳಿಸಿದರು, ಅಥವಾ ಕೊನೆಗಳಿಗೆಯಲ್ಲಿ ಬದಲಾಯಿಸಿ ಮತ್ತೆ ತಿಳಿಸಲಿಲ್ಲ. ಯಂತ್ರ ಕೆಟ್ಟಿದ್ದಕ್ಕಿಂತ, ಪೈಲಟ್ ತಪ್ಪಿದ್ದಕ್ಕಿಂತ ಇದೇ ಜಾಸ್ತಿ. ಇವುಗಳಲ್ಲಿ ಹೆಚ್ಚಿನವು ಯಾರಿಗೂ ಗೊತ್ತಾಗದೆ ಮುಗಿಯುತ್ತವೆ, ಯಾಕೆಂದರೆ ಆ ಹೊತ್ತಿಗೆ ಆ ಎತ್ತರದಲ್ಲಿ ಇನ್ನೊಂದು ವಿಮಾನ ಇರಲಿಲ್ಲ. ಅಷ್ಟೇ ಕಾರಣ.

ಈಗಿನ ಹೊಸ ಒತ್ತಡ ಏನು ಅಂದರೆ, ಗೆರೆ ದಾಟುವ ಜಾಗಗಳೇ ಹರಡಿಕೊಂಡಿವೆ. ಮೊದಲು ವಿಮಾನಗಳು ನಿಗದಿಯಾದ ಮಾರ್ಗದಲ್ಲಿ ಬಂದು ನಿಗದಿಯಾದ ಕೆಲವೇ ಬಿಂದುಗಳಲ್ಲಿ ಗಡಿ ದಾಟುತ್ತಿದ್ದವು. ಕಂಟ್ರೋಲರ್ ಕಣ್ಣು ಆ ಬಿಂದುಗಳ ಮೇಲೆ ಇದ್ದರೆ ಸಾಕಿತ್ತು. ಈಗ ಯುರೋಪಿನ ಬಹುಭಾಗದಲ್ಲಿ ಮೇಲಿನ ಆಕಾಶವನ್ನು ಮುಕ್ತ ಮಾರ್ಗ ಮಾಡಿದ್ದಾರೆ, ವಿಮಾನ ತನಗೆ ಬೇಕಾದ ನೇರ ದಾರಿಯಲ್ಲಿ ಹೋಗುತ್ತದೆ. ಇಂಧನ ಉಳಿತಾಯ, ಹೊಗೆ ಕಮ್ಮಿ, ಒಳ್ಳೆಯದೇ. ಆದರೆ ಗಡಿಯನ್ನು ಎಲ್ಲಿ ಬೇಕಾದರೂ ದಾಟಬಹುದು, ಗಡಿಗೆ ತಾಗಿಕೊಂಡೂ ಹೋಗಬಹುದು. ಪ್ಲಾನರ್ ಕೆಲಸ ಹಗುರ ಆಗಲಿಲ್ಲ, ಬೇರೆ ರೀತಿಯಲ್ಲಿ ಭಾರವಾಯಿತು. ಗುಡುಗು ಮೋಡ ಎದ್ದ ದಿನ ಕೇಳುವುದೇ ಬೇಡ. ಹತ್ತು ವಿಮಾನ ಒಟ್ಟಿಗೆ ಬಲಕ್ಕೆ ಬಿಡಿ, ಎಡಕ್ಕೆ ಬಿಡಿ ಅನ್ನುತ್ತವೆ, ಪ್ರತಿಯೊಂದೂ ಯಾರದೋ ಗೆರೆ ದಾಟುತ್ತದೆ, ಪ್ರತಿಯೊಂದಕ್ಕೂ ಒಂದು ಫೋನ್ ಬೇಕು, ಎರಡೂ ಕಡೆ ಫೋನ್ ಎಂಗೇಜ್. ಒಪ್ಪಂದದ ಮಾತಿಲ್ಲದ ಹಸ್ತಾಂತರ ಅವತ್ತು ಪ್ರಯೋಜನಕ್ಕೆ ಬರುವುದಿಲ್ಲ.

ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣ ಇನ್ನೊಂದು ಪಾಠ. 2024ರ ಜುಲೈನಲ್ಲಿ ನ್ಯೂವಾರ್ಕ್ ಸುತ್ತಲಿನ ಆಕಾಶ ನೋಡಿಕೊಳ್ಳುವ ಕೆಲಸವನ್ನು ನ್ಯೂಯಾರ್ಕ್ ಕೇಂದ್ರದಿಂದ ಫಿಲಡೆಲ್ಫಿಯಾಕ್ಕೆ ಸಾಗಿಸಿದರು. ನ್ಯೂಯಾರ್ಕ್‌ನಲ್ಲಿ ಜನ ಸಿಗುತ್ತಿರಲಿಲ್ಲ ಅನ್ನುವುದು ಕಾರಣ. ಆದರೆ ರೇಡಾರ್ ಮಾಹಿತಿ ಹಳೆಯ ಕಡೆಯಿಂದಲೇ ತಂತಿಯಲ್ಲಿ ಬರಬೇಕಿತ್ತು. 2025ರ ಏಪ್ರಿಲ್ 28ರಂದು ಸುಮಾರು 90 ಸೆಕೆಂಡ್ ಪರದೆಯೂ ಹೋಯಿತು, ರೇಡಿಯೋವೂ ಹೋಯಿತು. ಮೇ 9ರಂದು ಮತ್ತೆ. ನಿಮಿಷಕ್ಕೆ ಎಷ್ಟು ಮೈಲಿ ಅಂತ ಮೇಲೆ ಲೆಕ್ಕ ಹಾಕಿದೆವಲ್ಲ, ಇಳಿಯುವ ವಿಮಾನಗಳ ವೇಗ ಅದರ ಅರ್ಧವೇ ಇರಲಿ, 90 ಸೆಕೆಂಡ್ ಕತ್ತಲು ಅಂದರೆ ಏನು ಅಂತ ಊಹಿಸಬಹುದು. ಜನರ ಕೊರತೆಯನ್ನು ನಕ್ಷೆ ಬದಲಾಯಿಸಿ ತುಂಬಲು ಹೋದರೆ ಹೊಸದೊಂದು ಹೊಲಿಗೆ ಹುಟ್ಟುತ್ತದೆ, ಅದನ್ನೂ ಕಾಯಬೇಕು.

ಹೊಲಿಗೆಯನ್ನು ಒಟ್ಟಾಗಿಸಿ ಕಮ್ಮಿ ಮಾಡುವ ದಾರಿಯೂ ಇದೆ. ಮಾಸ್ಟ್ರಿಕ್ಟ್ ಕೇಂದ್ರ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಮತ್ತು ವಾಯವ್ಯ ಜರ್ಮನಿಯ ಮೇಲಿನ ಆಕಾಶವನ್ನು, 24,500 ಅಡಿಯ ಮೇಲೆ, ಒಂದೇ ಕಡೆಯಿಂದ ನೋಡಿಕೊಳ್ಳುತ್ತದೆ. ಅಲ್ಲಿ ದೇಶಗಳ ಗಡಿ ಕಂಟ್ರೋಲರ್‌ಗೆ ಅಡ್ಡ ಬರುವುದಿಲ್ಲ. ಆದರೆ ಸೇರಿಸುವುದಕ್ಕೂ ಒಂದು ಮಿತಿ ಇದೆ. ವಾಷಿಂಗ್ಟನ್‌ನ ಆ ಜನವರಿ ರಾತ್ರಿ ಹೆಲಿಕಾಪ್ಟರ್‌ಗಳನ್ನೂ ವಿಮಾನಗಳನ್ನೂ ನೋಡುವ ಎರಡು ಕೆಲಸಗಳನ್ನು ಸೇರಿಸಿ ಒಬ್ಬರಿಗೇ ಕೊಟ್ಟಿದ್ದರು. ಹೆಲಿಕಾಪ್ಟರ್ ಒಂದು ಫ್ರೀಕ್ವೆನ್ಸಿಯಲ್ಲಿ, ವಿಮಾನ ಇನ್ನೊಂದರಲ್ಲಿ. ಕಂಟ್ರೋಲರ್‌ಗೆ ಎರಡೂ ಕೇಳಿಸುತ್ತಿತ್ತು, ಪೈಲಟ್‌ಗಳಿಗೆ ಒಬ್ಬರದು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಗಡಿಯನ್ನು ಅಳಿಸಿದೆವು ಅಂದುಕೊಂಡರು, ಅದು ಒಬ್ಬ ಮನುಷ್ಯನ ತಲೆಯೊಳಗೆ ಹೋಗಿ ಕೂತಿತು. ಆ ನಿಲ್ದಾಣದ ಸುತ್ತ 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್ ತನಕ ವಿಮಾನ ಮತ್ತು ಹೆಲಿಕಾಪ್ಟರ್ ಅಡ್ಡಲಾಗಿ ಒಂದು ನಾಟಿಕಲ್ ಮೈಲಿಗಿಂತ ಹತ್ತಿರ, ಎತ್ತರದಲ್ಲಿ 400 ಅಡಿಗಿಂತ ಹತ್ತಿರ ಬಂದ ಸಂದರ್ಭಗಳು 15,214 ಎಂದು ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಲೆಕ್ಕ ಕೊಟ್ಟಿತು. ಅಂಕಿಗಳು ಮೊದಲೇ ಇದ್ದವು, ಕೂಡಿ ನೋಡಿದವರು ಇರಲಿಲ್ಲ.

ಏನು ಮಾಡಬೇಕು ಅನ್ನುವುದು ರಹಸ್ಯ ಏನಲ್ಲ. ಸೆಕ್ಟರ್‌ಗೆ ಗಂಟೆಗೆ ಇಷ್ಟು ವಿಮಾನ ಅಂತ ಸಾಮರ್ಥ್ಯ ನಿಗದಿ ಮಾಡುವಾಗ, ವಿಮಾನದ ಸಂಖ್ಯೆ ಮಾತ್ರ ಎಣಿಸದೆ ಎಷ್ಟು ಗಡಿ, ಎಷ್ಟು ಫೋನ್, ಎಷ್ಟು ಎತ್ತರ ಬದಲಾವಣೆ ಅನ್ನುವುದನ್ನೂ ಎಣಿಸಬೇಕು. ಪ್ಲಾನರ್ ಕುರ್ಚಿಯನ್ನು ಐಚ್ಛಿಕ ಅಂತ ನೋಡುವುದು ನಿಲ್ಲಬೇಕು. ಬದಲಿ ಲೈನ್ ನಿಜಕ್ಕೂ ಬದಲಿ ಆಗಿರಬೇಕು. 2023ರ ಆಗಸ್ಟ್ 28ರಂದು ಬ್ರಿಟನ್‌ನಲ್ಲಿ ಒಂದು ವಿಮಾನದ ಯೋಜನೆಯಲ್ಲಿ ಡಿವಿಎಲ್ ಅನ್ನುವ ಒಂದೇ ಹೆಸರಿನ ಎರಡು ಬಿಂದು, ಒಂದು ಫ್ರಾನ್ಸ್‌ನದು, ಒಂದು ಅಮೆರಿಕದ್ದು, ಇದ್ದ ಕಾರಣಕ್ಕೆ ಯೋಜನೆಗಳನ್ನು ಓದುವ ಮುಖ್ಯ ಕಂಪ್ಯೂಟರ್ ವ್ಯವಸ್ಥೆ ನಿಂತಿತು. ಬದಲಿಯೂ ಅದೇ ಸಾಫ್ಟ್‌ವೇರ್, ಅದೂ ಅದೇ ರೀತಿ ನಿಂತಿತು. 7 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಪರದಾಡಿದರು. ಒಂದೇ ಹಗ್ಗದ ಎರಡು ತುದಿ ಹಿಡಿದು ಎರಡು ಹಗ್ಗ ಇದೆ ಅನ್ನಬಾರದು.

ಪಕ್ಕದ ಸೆಕ್ಟರ್ ಒಳಗೂ ಸಾಕಷ್ಟು ದೂರ ರೇಡಾರ್‌ನಲ್ಲಿ ಕಾಣುವ ಹಾಗೆ ಇರಬೇಕು, ಬರುವುದು ಬಾಗಿಲಿಗೆ ಬಂದ ಮೇಲೆ ಗೊತ್ತಾದರೆ ಏನು ಪ್ರಯೋಜನ? ವಿಮಾನ ಎಷ್ಟು ಹೊತ್ತಿಗೆ ಗಡಿಗೆ ಬರುತ್ತದೆ ಅನ್ನುವ ಎಸ್ಟಿಮೇಟ್ ಬರಬೇಕಾದ ಹೊತ್ತಿಗೆ ಬರದಿದ್ದರೆ, ತೆಗೆದುಕೊಳ್ಳುವ ಕಡೆಯವರೇ ಫೋನ್ ಮಾಡಿ ಕೇಳಬೇಕು. ಸಣ್ಣ ತಪ್ಪುಗಳನ್ನು ಹೆದರದೆ ಬರೆದು ಕೊಡುವ ವಾತಾವರಣ ಬೇಕು. ಯುರೋಪ್ 2014ರಲ್ಲಿ ಇದಕ್ಕಾಗಿ ಕಾನೂನನ್ನೇ ಮಾಡಿತು. ಗಡಿಯ ತಪ್ಪಿನಲ್ಲಿ ಯಾವಾಗಲೂ ಇಬ್ಬರಿರುತ್ತಾರೆ. ಒಬ್ಬರು ಬರೆದರೆ ಇನ್ನೊಬ್ಬರಿಗೆ ತೊಂದರೆ ಆಗುತ್ತದೆ ಅನ್ನುವ ಹೆದರಿಕೆ ಇದ್ದರೆ ಇಬ್ಬರೂ ಬರೆಯುವುದಿಲ್ಲ, ಒಳ್ಳೆಯವರೇ ಬರೆಯುವುದಿಲ್ಲ. ಎರಡೂ ಕಡೆಯ ಕಂಟ್ರೋಲರ್‌ಗಳು ಆಗಾಗ ಒಬ್ಬರ ಕೇಂದ್ರಕ್ಕೆ ಇನ್ನೊಬ್ಬರು ಹೋಗಿ ಪಕ್ಕದಲ್ಲಿ ಕೂತು ನೋಡಬೇಕು ಅನ್ನುವುದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ. ಮುಖ ಗೊತ್ತಿರುವವರಿಗೆ ಸಣ್ಣ ಅನುಮಾನಕ್ಕೂ ಫೋನ್ ಮಾಡುತ್ತೇವೆ, ಗೊತ್ತಿಲ್ಲದವರಿಗೆ ಮಾಡಲು ಹಿಂಜರಿಯುತ್ತೇವೆ.

ಇನ್ನೊಂದು ಉಳಿದಿದೆ. ತೆಗೆದುಕೊಳ್ಳುವ ಕಂಟ್ರೋಲರ್‌ಗೆ ಈಗ ಆಗುವುದಿಲ್ಲ, ಹಿಡಿದುಕೊಳ್ಳಿ ಅನ್ನುವ ಹಕ್ಕು ಇದೆ. ಆಗ ಆ ವಿಮಾನ ಹಿಂದಿನ ಸೆಕ್ಟರ್‌ನಲ್ಲೇ ಸುತ್ತು ಹೊಡೆಯುತ್ತದೆ, ಅದರ ಹಿಂದಿನದು ಅದಕ್ಕೂ ಹಿಂದೆ ನಿಲ್ಲುತ್ತದೆ, ಕೊನೆಗೆ ಎಲ್ಲೋ ದೂರದ ನಿಲ್ದಾಣದಲ್ಲಿ ಇನ್ನೂ ಹೊರಡದ ವಿಮಾನವೊಂದು ಅರ್ಧ ಗಂಟೆ ನೆಲದ ಮೇಲೇ ಕಾಯುತ್ತದೆ. ಒಳಗೆ ಕೂತವರಿಗೆ ಹೇಳುವುದು ಟ್ರಾಫಿಕ್ ಕಾರಣದಿಂದ ತಡ ಅಂತ ಒಂದೇ ಸಾಲು. ಆ ಹಕ್ಕನ್ನು ಬಳಸಿದ ಕಂಟ್ರೋಲರ್‌ಗೆ ಮೇಲಿನವರಿಂದ ಯಾಕೆ ತಡ ಮಾಡಿದಿರಿ ಅನ್ನುವ ಪ್ರಶ್ನೆ ಬರುತ್ತದೋ, ಅಥವಾ ಪಕ್ಕದ ಕುರ್ಚಿಗೆ ಇನ್ನೊಬ್ಬರು ಬರುತ್ತಾರೋ ಅನ್ನುವುದರ ಮೇಲೆ, ಮುಂದಿನ ಸಲ ಅವರು ಆಗುವುದಿಲ್ಲ ಅನ್ನುತ್ತಾರೋ ಅಥವಾ ಸರಿ ಕೊಡಿ ಅನ್ನುತ್ತಾರೋ ಅನ್ನುವುದು ನಿಂತಿದೆ.